ಬಾಲ್ಡರ್ಸ್ ಗೇಟ್ 3: ಪಾರ್ಟೀಲಿ ಯಾರು ನಿಜವಾಗ್ಲೂ ಏನ್ ಕೆಲಸ ಮಾಡ್ತಾರೆ ಅಂತ ಅಳೆದು ನೋಡೋದು ಹೇಗೆ

ಮೊದಲ್ನೇ ಸಲ ಈ ಗೇಮ್ ಆಡಿದಾಗ ನಾನು ಶ್ಯಾಡೋಹಾರ್ಟ್ ಅನ್ನೋ ಕ್ಲೆರಿಕ್‌ನ (ದೇವರ ಬಲದಿಂದ ಮಂತ್ರ ಹಾಕೋಳು) ಎರಡನೇ ದಿನಾನೇ ಕ್ಯಾಂಪಲ್ಲಿ ಕೂರಿಸಿಬಿಟ್ಟಿದ್ದೆ. ಬೆಂಕಿ ಎಸಿ ಅಂದ್ರೆ ಮಿಸ್ಸು, ಮತ್ತೆ ಎಸಿ ಅಂದ್ರೆ ಮತ್ತೆ ಮಿಸ್ಸು, ಎದುರಿಗೆ ಗಾಬ್ಲಿನ್ ಆರಾಮಾಗಿ ನಿಂತ್ಕೊಂಡು ನಗ್ತಿದೆ ಅನ್ನಿಸ್ತಿತ್ತು. ಇವಳೆಂಥಾ ದಂಡ ಅಂತ ಬೈಕೊಂಡು ಅವಳ ಜಾಗಕ್ಕೆ ಕಾರ್ಲಾಕ್ ಅನ್ನೋ ಬಾರ್ಬೇರಿಯನ್ನ ಹಾಕ್ಕೊಂಡೆ. ಆಮೇಲೆ ಪಾರ್ಟಿ, ಅಂದ್ರೆ ನಮ್ಮ ತಂಡ, ಬರೀ ಹೊಡಿಯೋರಿಂದ್ಲೇ ತುಂಬಿ ಹೋಯ್ತು, ಮೂರು ಫೈಟ್ ಚೆನ್ನಾಗಿ ಗೆದ್ವಿ, ನಾಲ್ಕನೇದ್ರಲ್ಲಿ ಎಲ್ರೂ ಮಲಗಿದ್ರು. ತಪ್ಪು ಅವಳದ್ದಲ್ಲ ನಂದು ಅಂತ ಗೊತ್ತಾಗಿದ್ದು ಬಹಳ ಲೇಟಾಗಿ, ಒಂದಿನ ಕಾಂಬ್ಯಾಟ್ ಲಾಗ್ ಓಪನ್ ಮಾಡಿ ಯಾವ ದಾಳಕ್ಕೆ ಎಷ್ಟು ಸೇರ್ತಿದೆ ಅಂತ ಕೂತು ಓದಿದಾಗ.

ಗೇಮ್ ಗೊತ್ತಿಲ್ದೋರಿಗೆ ಎರಡು ಮಾತು. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಮಾಡಿದ್ದು, ಪಿಸಿಗೆ ಬಂದಿದ್ದು 2023ರ ಆಗಸ್ಟಲ್ಲಿ, ಒಳಗಿರೋ ರೂಲ್ಸು ಟೇಬಲ್ ಮೇಲೆ ದಾಳ ಹಾಕಿ ಆಡೋ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 5ನೇ ಎಡಿಷನ್ದು, ಅಲ್ಲಲ್ಲಿ ಸ್ವಲ್ಪ ತಿದ್ದಿದಾರೆ ಅಷ್ಟೆ. ಒಂದು ಸಲಕ್ಕೆ ಪಾರ್ಟೀಲಿ ನಾಲ್ಕೇ ಜನ, ಲೆವೆಲ್ 12ಕ್ಕೆ ನಿಂತ್ಹೋಗುತ್ತೆ. ಆದ್ರೆ ಜೊತೆಗೆ ಬರೋಕೆ ರೆಡಿ ಇರೋರು ಹತ್ತು ಜನ ಇದಾರೆ, ಅಲ್ಲೇ ತಲೆನೋವು ಶುರುವಾಗೋದು.

ನಾನು ಹೇಳೋದು ಇಷ್ಟೇ, ಹಣೆಪಟ್ಟಿ ನೋಡಿ ಜನ ಆರಿಸ್ಬೇಡಿ. ಕ್ಲೆರಿಕ್ ಅಂದ್ರೆ ಹೀಲರ್, ಫೈಟರ್ ಅಂದ್ರೆ ಟ್ಯಾಂಕ್ (ಮುಂದೆ ನಿಂತು ಏಟು ತಿನ್ನೋನು), ರೋಗ್ ಅಂದ್ರೆ ಬೀಗ ತೆಗಿಯೋನು (ಕನ್ನಡದಲ್ಲಿ ಬರೆದ್ರೆ ಕಾಯಿಲೆ ಥರ ಕಾಣ್ಸುತ್ತೆ, ಏನ್ಮಾಡೋದು), ಇವೆಲ್ಲಾ ಬೇರೆ ಗೇಮ್‌ಗಳಿಂದ ತಲೇಲಿ ಕೂತಿರೋ ಅಭ್ಯಾಸ. ಒಬ್ಬೊಬ್ಬರು ಒಂದು ಟರ್ನಲ್ಲಿ ಏನ್ ಮಾಡ್ತಾರೆ, ಅದು ಎಷ್ಟು ಸಲ ನಿಜವಾಗ್ಲೂ ತಾಗುತ್ತೆ, ಅವರು ಇಲ್ದೇ ಇದ್ರೆ ಏನ್ ಕೆಡುತ್ತೆ, ಈ ಮೂರು ನೋಡಿ ಸಾಕು. ಒಂದು ಪೇಪರ್ ಪೆನ್ನು ಇಟ್ಕೊಳ್ಳಿ, ಸುಮ್ನೆ ಹೇಳ್ತಿಲ್ಲ, ನಾನಿನ್ನೂ ಹಳೇ ಡೈರಿ ಹಿಂದಿನ ಪುಟಗಳಲ್ಲೇ ಬರ್ಕೊಳ್ಳೋದು.

ಹೆಜ್ಜೆ 1: ಆರು ನಂಬರ್ ಓದೋದು ಕಲೀರಿ

ಕ್ಯಾರೆಕ್ಟರ್ ಶೀಟ್ ತೆಗೆದ್ರೆ ಆರು ನಂಬರ್ ಕಾಣ್ಸುತ್ತೆ: ಸ್ಟ್ರೆಂತ್, ಡೆಕ್ಸ್ಟೆರಿಟಿ (ಡೆಕ್ಸ್), ಕಾನ್ಸ್ಟಿಟ್ಯೂಷನ್ (ಕಾನ್), ಇಂಟೆಲಿಜೆನ್ಸ್, ವಿಸ್ಡಮ್, ಕರಿಸ್ಮಾ. ಆ ನಂಬರಿಂದ 10 ಕಳೀರಿ, ಉಳಿದಿದ್ದನ್ನ ಅರ್ಧ ಮಾಡಿ, ಅರೆಬರೆ ಬಂದ್ರೆ ಕೆಳಗಿನ ಪೂರ್ತಿ ನಂಬರ್ ತಗೊಳ್ಳಿ. ಅದೇ ಮಾಡಿಫೈಯರ್, ಆ ನಂಬರಿಂದ ದಾಳಕ್ಕೆ ಸೇರೋದು ಅದೊಂದೇ. 17 ಇದ್ರೆ 3, 16 ಇದ್ರೂ 3ನೇ, 8 ಇದ್ರೆ ಮೈನಸ್ 1. ಅಂದ್ರೆ ಬೆಸ ನಂಬರಿಂದ ಸದ್ಯಕ್ಕೆ ಏನೂ ಲಾಭ ಇಲ್ಲ, ಮುಂದೆ ಒಂದು ಸೇರಿಸಿದಾಗ ಮಾತ್ರ ಬೆಲೆ ಬರುತ್ತೆ.

ಹೆಚ್ಚುಕಮ್ಮಿ ಎಲ್ಲಾ ಮುಖ್ಯ ಕಂಪ್ಯಾನಿಯನ್‌ಗಳೂ ತಮ್ಮ ಕ್ಲಾಸಿಗೆ ಬೇಕಾದ ನಂಬರ್ 17 ಇಟ್ಕೊಂಡೇ ಬರ್ತಾರೆ. ಫೈಟರ್ ಲೇಜೆಲ್‌ಗೆ ಸ್ಟ್ರೆಂತ್ 17, ರೋಗ್ ಆಸ್ಟೇರಿಯನ್‌ಗೆ ಡೆಕ್ಸ್ 17, ವಿಜಾರ್ಡ್ ಗೇಲ್‌ಗೆ ಇಂಟೆಲಿಜೆನ್ಸ್ 17, ಕ್ಲೆರಿಕ್ ಶ್ಯಾಡೋಹಾರ್ಟ್‌ಗೆ ವಿಸ್ಡಮ್ 17. ಹಾಗಾಗಿ ದೊಡ್ಡ ನಂಬರ್ ನೋಡಿ ಪ್ರಯೋಜನ ಇಲ್ಲ, ಎಲ್ರದ್ದೂ ಒಂದೇ. ನೀವು ನೋಡ್ಬೇಕಾಗಿರೋದು ಸಣ್ಣ ನಂಬರ್‌ಗಳನ್ನ, ಎಲ್ಲರ ಮನೆ ದೋಸೆನೂ ತೂತೇ ಅಂತಾರಲ್ಲ, ತೂತು ಎಲ್ಲಿದೆ ಅನ್ನೋದೇ ವಿಷ್ಯ.

ನನ್ನ ಶ್ಯಾಡೋಹಾರ್ಟ್ ಕಥೆ ಇಲ್ಲೇ ಬಿಚ್ಕೊಳ್ಳೋದು. ಅವಳು ಹೈ ಹಾಫ್ ಎಲ್ಫ್, ಆ ಜಾತಿ ಕಡೆಯಿಂದ ಅವಳಿಗೆ ಫೈರ್ ಬೋಲ್ಟ್ ಅನ್ನೋ ಕ್ಯಾಂಟ್ರಿಪ್ ಫ್ರೀಯಾಗಿ ಸಿಕ್ಕಿದೆ. ಕ್ಯಾಂಟ್ರಿಪ್ ಅಂದ್ರೆ ಸ್ಲಾಟ್ (ಇಂತಿಷ್ಟೇ ಅಂತ ಸಿಗೋ ಸ್ಪೆಲ್ ಕೋಟಾ) ಖರ್ಚಿಲ್ದೆ ಎಷ್ಟು ಸಲ ಬೇಕಾದ್ರೂ ಹಾಕ್ಬೋದಾದ ಸ್ಪೆಲ್ಲು. ಫ್ರೀ ಅಲ್ವಾ ಅಂತ ನಾನು ಅದನ್ನೇ ಒತ್ತಿ ಒತ್ತಿ ಹಾಕ್ತಿದ್ದೆ. ಆದ್ರೆ ಜಾತಿಯಿಂದ ಬಂದ ಆ ಸ್ಪೆಲ್ ವಿಸ್ಡಮ್ ಮೇಲೆ ನಡಿಯಲ್ಲ, ಇಂಟೆಲಿಜೆನ್ಸ್ ಮೇಲೆ ನಡಿಯುತ್ತೆ, ಅವಳ ಇಂಟೆಲಿಜೆನ್ಸ್ ಬರೀ 10, ಅಂದ್ರೆ ಮಾಡಿಫೈಯರ್ ಸೊನ್ನೆ. ಕ್ಲೆರಿಕ್ಕಿನ ಕೈಗೆ ವಿಜಾರ್ಡ್‌ನ ಆಯುಧ ಕೊಟ್ಟು ತಾಗ್ತಿಲ್ಲ ಅಂತ ಅವಳಿಗೆ ಬೈತಿದ್ದೆ ನಾನು.

ಅದಕ್ಕೇ ಮೊದಲ ಕೆಲಸ, ಒಬ್ಬೊಬ್ಬರ ಆಕ್ಷನ್ ಬಾರಲ್ಲಿರೋ ಪ್ರತಿ ಸ್ಪೆಲ್, ಪ್ರತಿ ಆಯುಧದ ಮೇಲೂ ಮೌಸ್ ಇಟ್ಟು ಅದು ಯಾವ ನಂಬರ್ ಮೇಲೆ ನಡಿಯುತ್ತೆ ಅಂತ ನೋಡಿ. ಅವರ 17ಕ್ಕೆ ಸಂಬಂಧ ಇಲ್ಲದ್ದೆಲ್ಲಾ ಬಾರಿಂದ ಎಳೆದು ಆಚೆ ಹಾಕ್ಬಿಡಿ, ಕಣ್ಣಿಗೆ ಕಾಣ್ಸಲಿಲ್ಲ ಅಂದ್ರೆ ಕೈ ಅತ್ತ ಹೋಗಲ್ಲ.

ಹೆಜ್ಜೆ 2: ಡ್ಯಾಮೇಜ್ ಆಮೇಲೆ, ತಾಗೋ ಪರ್ಸೆಂಟ್ ಮೊದ್ಲು

ಹೊಡೆತ ತಾಗುತ್ತಾ ಇಲ್ವಾ ಅನ್ನೋ ಲೆಕ್ಕ ಸುಲಭ. 20 ಮುಖದ ದಾಳ ಹಾಕು, ಮಾಡಿಫೈಯರ್ ಸೇರಿಸು, ಪ್ರೊಫಿಷಿಯನ್ಸಿ ಬೋನಸ್ ಸೇರಿಸು, ಒಟ್ಟು ಶತ್ರುವಿನ ಎಸಿಗೆ ಸಮ ಅಥವಾ ಜಾಸ್ತಿ ಬಂದ್ರೆ ತಾಗ್ತು. ಎಸಿ ಅಂದ್ರೆ ಆರ್ಮರ್ ಕ್ಲಾಸು, ಅವರಿಗೆ ಏಟು ತಾಗಿಸೋದು ಎಷ್ಟು ಕಷ್ಟ ಅನ್ನೋ ನಂಬರ್. ಪ್ರೊಫಿಷಿಯನ್ಸಿ ಲೆವೆಲ್ 1ರಿಂದ 4ರ ತನಕ 2, 5ರಿಂದ 8ರ ತನಕ 3, 9ರಿಂದ ಮೇಲೆ 4. ದಾಳದ ಒಂದೊಂದು ಮುಖಕ್ಕೂ 5 ಪರ್ಸೆಂಟ್ ಅಂತ ಇಟ್ಕೊಂಡ್ರೆ ಬಾಯಲ್ಲೇ ಲೆಕ್ಕ ಹಾಕ್ಬೋದು.

ಎದುರಿಗಿರೋನ ಎಸಿ 15 ಅಂದ್ಕೊಳ್ಳಿ. ಶ್ಯಾಡೋಹಾರ್ಟ್ ಫೈರ್ ಬೋಲ್ಟ್ ಹಾಕಿದ್ರೆ ಸೊನ್ನೆ ಪ್ಲಸ್ 2, ದಾಳದಲ್ಲಿ 13 ಅಥವಾ ಮೇಲೆ ಬೀಳ್ಬೇಕು, ಅಂದ್ರೆ 40 ಪರ್ಸೆಂಟ್. ಅದೇ ಶ್ಯಾಡೋಹಾರ್ಟ್ ಗೈಡಿಂಗ್ ಬೋಲ್ಟ್ ಹಾಕಿದ್ರೆ 3 ಪ್ಲಸ್ 2, ದಾಳದಲ್ಲಿ 10 ಬಿದ್ರೆ ಸಾಕು, 55 ಪರ್ಸೆಂಟ್. ಅದೇ ಮನುಷ್ಯಳು, ಅದೇ ಟರ್ನು. ಅದರ ಮೇಲೆ ಗೈಡಿಂಗ್ ಬೋಲ್ಟ್ ಡ್ಯಾಮೇಜು ಆರು ಮುಖದ ನಾಲ್ಕು ದಾಳ, ಮತ್ತೆ ಮುಂದೆ ಅದೇ ಶತ್ರುವಿಗೆ ಹೊಡಿಯೋರಿಗೆ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದು ತಗೊಳ್ಳೋದು) ಬೇರೆ ಸಿಗುತ್ತೆ. ಖರ್ಚು ಒಂದು ಸ್ಲಾಟ್ ಅನ್ನೋದು ನಿಜ.

ಗೇಮ್ ತಾನೇ ಈ ಪರ್ಸೆಂಟ್ ತೋರಿಸುತ್ತೆ, ಶತ್ರು ಮೇಲೆ ಮೌಸ್ ಇಟ್ರೆ ಸಾಕು. ಆದ್ರೆ ಯಾಕೆ ಅಷ್ಟು ಅಂತ ಒಂದ್ಸಲ ಕೈಯಾರೆ ಲೆಕ್ಕ ಹಾಕಿದ್ರೇನೇ ಮುಂದೆ ಆಟ ಆಡುವಾಗ ಕೈಗೆ ಬರೋದು. ಎತ್ತರದಲ್ಲಿ ನಿಂತು ಬಾಣ ಬಿಟ್ರೆ 2 ಸೇರುತ್ತೆ, ಅಂದ್ರೆ 10 ಪರ್ಸೆಂಟ್, ಕೆಳಗಿಂದ ಮೇಲಕ್ಕೆ ಬಿಟ್ರೆ ಅಷ್ಟೇ ಕಳಿಯುತ್ತೆ. ಗೇಮಿನ ಮೊದಮೊದ್ಲು ಒಂದು ಪಾಳುಬಿದ್ದ ಹಳ್ಳೀಲಿ ಗಾಬ್ಲಿನ್‌ಗಳು ಮನೆ ಮಾಡು ಹತ್ತಿ ಕೂತಿರ್ತಾವಲ್ಲ, ಅಲ್ಲಿ ನಿಮ್ಮ ಬಿಲ್ಲಿನವರು ದಂಡ ಅನ್ನಿಸೋಕೆ ಇದೇ ಕಾರಣ, ಅವರನ್ನೂ ಏಣಿ ಹತ್ತಿಸಿ ನೋಡಿ.

ಇನ್ನು ಕೆಲವು ಸ್ಪೆಲ್ ಎಸಿ ನೋಡೋದೇ ಇಲ್ಲ, ಶತ್ರುನೇ ದಾಳ ಹಾಕಿ ತಪ್ಪಿಸ್ಕೊಳ್ಳೋಕೆ ನೋಡ್ತಾನೆ. ಶ್ಯಾಡೋಹಾರ್ಟ್‌ನ ಸೇಕ್ರೆಡ್ ಫ್ಲೇಮ್ ಆ ಥರದ್ದು, ಡೆಕ್ಸ್ ಮೇಲೆ. ಚುರುಕಾಗಿ ಓಡಾಡೋ ಗಾಬ್ಲಿನ್ ಮೇಲೆ ಅದು ಅರ್ಧಕ್ಕರ್ಧ ವೇಸ್ಟು, ಕಬ್ಬಿಣ ಹೊದ್ಕೊಂಡು ಮೆಲ್ಲಗೆ ನಡಿಯೋನ ಮೇಲೆ ಹಾಕಿದ್ರೆ ಅದೇ ಸ್ಪೆಲ್ ಬಂಗಾರ. ಎಕ್ಸಾಮಿನ್ ಒತ್ತಿ ಶತ್ರುವಿನ ಆರು ನಂಬರ್ ನೋಡಿ ಆಮೇಲೆ ಆರಿಸಿ.

ಹೆಜ್ಜೆ 3: ಟರ್ನಿನ ಖಾನೆಗಳನ್ನ ತುಂಬಿ ನೋಡಿ

ಡೈರೀಲಿ ಒಬ್ಬೊಬ್ಬರ ಹೆಸರಿನ ಮುಂದೆ ನಾಲ್ಕು ಖಾನೆ ಎಳೀರಿ: ಆಕ್ಷನ್ (ಟರ್ನಿನ ಮುಖ್ಯ ಕೆಲಸ), ಬೋನಸ್ ಆಕ್ಷನ್ (ಜೊತೆಗೆ ಮಾಡೋ ಸಣ್ಣ ಕೆಲಸ), ರಿಯಾಕ್ಷನ್ (ಬೇರೆಯವರ ಟರ್ನಲ್ಲಿ ಕೊಡೋ ಉತ್ತರ), ಕಾನ್ಸಂಟ್ರೇಷನ್ (ಗಮನ ಇಟ್ಟು ಹಿಡ್ಕೊಂಡಿರೋ ಸ್ಪೆಲ್). ಮೊದಲ ಮೂರು ಪ್ರತಿ ರೌಂಡಿಗೂ ಒಂದೊಂದು ಸಿಗುತ್ತೆ, ನಾಲ್ಕನೇದು ಬೇರೆ ಥರ, ಒಂದು ಸಲಕ್ಕೆ ಒಬ್ರು ಒಂದೇ ಕಾನ್ಸಂಟ್ರೇಷನ್ ಸ್ಪೆಲ್ ಹಿಡ್ಕೊಂಡಿರ್ಬೋದು, ಎರಡನೇದು ಹಾಕಿದ್ರೆ ಮೊದಲ್ನೇದು ಹೋಯ್ತು. ಈಗ ಖಾನೆ ತುಂಬಿ. ಖಾಲಿ ಉಳಿದಿರೋ ಖಾನೆ ಅಂದ್ರೆ ಪ್ರತಿ ರೌಂಡೂ ನೀವು ಸುಮ್ನೆ ಬಿಸಾಕ್ತಿರೋ ಕೆಲಸ.

ಲೇಜೆಲ್: ಆಕ್ಷನ್‌ಗೆ ದೊಡ್ಡ ಕತ್ತಿ, ಲೆವೆಲ್ 2ರಿಂದ ಆಕ್ಷನ್ ಸರ್ಜ್ ಇದೆ, ಒಂದು ಶಾರ್ಟ್ ರೆಸ್ಟಿಗೆ (ಫೈಟ್‌ಗಳ ಮಧ್ಯೆ ತಗೊಳ್ಳೋ ಸಣ್ಣ ವಿರಾಮ) ಒಂದ್ಸಲ ಇನ್ನೊಂದು ಆಕ್ಷನ್ ಸಿಗುತ್ತೆ. ಬೋನಸ್ ಖಾನೆ ಖಾಲಿ ಅಂತ ಅನ್ಸುತ್ತೆ, ಆದ್ರೆ ಈ ಗೇಮಲ್ಲಿ ತಳ್ಳೋದೂ ಹಾರೋದೂ ಬೋನಸ್ ಆಕ್ಷನ್ನೇ, ಎರಡಕ್ಕೂ ಬೇಕಾಗಿರೋದು ಸ್ಟ್ರೆಂತ್. ಬಂಡೆ ಅಂಚಲ್ಲಿ ನಿಂತಿರೋನ್ನ ಅವಳು ತಳ್ಳಿದ್ರೆ ಫೈಟ್ ಅಲ್ಲಿಗೇ ಮುಗೀತು (ಅವನ ಜೇಬಲ್ಲಿದ್ದ ಸಾಮಾನೂ ಅವನ ಜೊತೆಗೇ ಪಾತಾಳ ಸೇರುತ್ತೆ, ಅದು ಬೇರೆ ಹೊಟ್ಟೆಉರಿ). ರಿಯಾಕ್ಷನ್‌ಗೆ ಓಡಿಹೋಗೋನಿಗೆ ಒಂದೇಟು. ಕಾನ್ಸಂಟ್ರೇಷನ್ ಖಾಲಿ, ಇರ್ಲಿ ಬಿಡಿ.

ಆಸ್ಟೇರಿಯನ್: ಇವನ ಪೂರ್ತಿ ಬಂಡವಾಳ ಸ್ನೀಕ್ ಅಟ್ಯಾಕು, ಒಂದು ಟರ್ನಿಗೆ ಒಂದೇ ಸಲ, ಅದೂ ಅಡ್ವಾಂಟೇಜ್ ಇದ್ರೆ ಅಥವಾ ನಿಮ್ಮವರೊಬ್ರು ಆ ಶತ್ರು ಪಕ್ಕದಲ್ಲೇ ನಿಂತಿದ್ರೆ ಮಾತ್ರ. ಹಾಗಾಗಿ ಅವನು ಒಬ್ನೇ ಮೂಲೇಲಿ ನಿಂತು ಏನೋ ಸಾಧಿಸ್ತಾನೆ ಅನ್ಕೊಳ್ಳೋದು ತಪ್ಪು, ಅವನಿಗೆ ಜೊತೆಗಾರ ಬೇಕೇ ಬೇಕು. ಒಂದೇ ಬಾಣ ಬಿಟ್ಟು ಅದು ಮಿಸ್ಸಾದ್ರೆ ಪೂರ್ತಿ ಟರ್ನ್ ಹೋಯ್ತು. ಅದಕ್ಕೇ ಎರಡು ಕೈಗೆ ಎರಡು ಹ್ಯಾಂಡ್ ಕ್ರಾಸ್‌ಬೋ ಕೊಡಿ, ಎರಡನೇದು ಬೋನಸ್ ಆಕ್ಷನ್ನಲ್ಲಿ ಹೋಗುತ್ತೆ, ಮೊದಲ್ನೇದು ತಪ್ಪಿದ್ರೆ ಸ್ನೀಕ್ ಅಟ್ಯಾಕಿಗೆ ಇನ್ನೊಂದು ಚಾನ್ಸು.

ಗೇಲ್‌ದು ಆಕ್ಷನ್ ಮತ್ತೆ ಕಾನ್ಸಂಟ್ರೇಷನ್ ಖಾನೆ ತುಂಬಿ ತುಳುಕುತ್ತೆ, ರಿಯಾಕ್ಷನ್‌ಗೆ ಶೀಲ್ಡ್ ಸ್ಪೆಲ್ ಇಟ್ಕೊಂಡ್ರೆ ಅದೂ ಭರ್ತಿ, ಬೋನಸ್ ಮಾತ್ರ ಮೊದಮೊದ್ಲು ಖಾಲಿ. ಕಾರ್ಲಾಕ್ ಇನ್ನೂ ಸುಲಭ, ಬೋನಸ್ಸಲ್ಲಿ ರೇಜ್, ಆಮೇಲೆ ಹೊಡಿಯೋದು. ಆದ್ರೆ ರೇಜಲ್ಲಿ ಇರುವಾಗ ಸ್ಪೆಲ್ ಹಾಕೋ ಹಾಗಿಲ್ಲ, ಕಾನ್ಸಂಟ್ರೇಷನ್ ಹಿಡಿಯೋ ಹಾಗಿಲ್ಲ, ಹೊಡೀದೆ ಏಟೂ ತಿನ್ನದೆ ಸುಮ್ನಿದ್ರೆ ರೇಜ್ ಇಳಿದು ಹೋಗುತ್ತೆ. ಶತ್ರುಗಳು ದೂರ ದೂರ ಹರಡಿರೋ ಫೈಟಲ್ಲಿ ಓಡೋದ್ರಲ್ಲೇ ಟರ್ನ್ ಕಳೆದು ಅವಳ ಬಲ ಎಲ್ಲಾ ಊಟಕ್ಕಿಲ್ಲದ ಉಪ್ಪಿನಕಾಯಿ.

ಶ್ಯಾಡೋಹಾರ್ಟ್: ಈ ಖಾನೆ ಪರೀಕ್ಷೇಲಿ ಪಾರ್ಟೀಗೇ ಫಸ್ಟು. ಆಕ್ಷನ್‌ಗೆ ಗೈಡಿಂಗ್ ಬೋಲ್ಟ್, ಬೋನಸ್‌ಗೆ ಹೀಲಿಂಗ್ ವರ್ಡ್, ಕಾನ್ಸಂಟ್ರೇಷನ್‌ಗೆ ಬ್ಲೆಸ್. ಟೇಬಲ್ ಮೇಲೆ ಆಡೋ ಡಂಜನ್ಸ್ ಅಂಡ್ ಡ್ರಾಗನ್ಸಲ್ಲಿ ಬೋನಸ್ ಆಕ್ಷನ್ ಸ್ಪೆಲ್ ಹಾಕಿದ ಟರ್ನಲ್ಲಿ ಇನ್ನೊಂದು ದೊಡ್ಡ ಸ್ಪೆಲ್ ಹಾಕೋಕೆ ಬಿಡಲ್ಲ, ಈ ಗೇಮಲ್ಲಿ ಆ ತಡೆ ಇಲ್ಲ, ಎರಡೂ ಒಟ್ಟಿಗೆ ಹಾಕ್ಬೋದು.

ಹೆಜ್ಜೆ 4: ಹೆಸರು ಯಾರಿಗೆ, ಕೆಲಸ ಯಾರದ್ದು

ಈ ಭಾಗದಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಬಹಳ ಜನ ಎಡವೋದು ಇಲ್ಲೇ. ಲಾಗಲ್ಲಿ ಲೇಜೆಲ್ 20 ಹೊಡೆದ್ಲು ಅಂತ ಬಂದಿರುತ್ತೆ, ಶ್ಯಾಡೋಹಾರ್ಟ್ ಹೆಸರಿನ ಮುಂದೆ ಬರೀ ಬ್ಲೆಸ್ ಅಂತ ಇರುತ್ತೆ, ನೋಡಿದ ತಕ್ಷಣ ಲೇಜೆಲ್ ಹೀರೋ. ಈಗ ಲೆಕ್ಕ ಹಾಕೋಣ.

ಲೆವೆಲ್ 4ರಲ್ಲಿ ಲೇಜೆಲ್‌ಗೆ ಗ್ರೇಟ್ ವೆಪನ್ ಮಾಸ್ಟರ್ ಅನ್ನೋ ಫೀಟ್ (ವಿಶೇಷ ಕೌಶಲ) ಕೊಟ್ರಿ ಅನ್ಕೊಳ್ಳಿ. ಆನ್ ಮಾಡಿದ್ರೆ ದಾಳದಲ್ಲಿ 5 ಕಳಿಯುತ್ತೆ, ತಾಗಿದ್ರೆ ಡ್ಯಾಮೇಜಿಗೆ 10 ಸೇರುತ್ತೆ. ಶತ್ರುವಿನ ಎಸಿ 13. ಅವಳ ಬೋನಸ್ಸು ಸ್ಟ್ರೆಂತಿಂದ 3, ಪ್ರೊಫಿಷಿಯನ್ಸಿಯಿಂದ 2, ಒಟ್ಟು 5. ಆಫ್ ಇದ್ದಾಗ 65 ಪರ್ಸೆಂಟ್ ತಾಗುತ್ತೆ, ಗ್ರೇಟ್‌ಸೋರ್ಡ್ ಸರಾಸರಿ 10, ಹಾಗಾಗಿ ಒಂದು ಬೀಸಿಗೆ ಸರಾಸರಿ 6.5. ಆನ್ ಮಾಡಿದ್ರೆ 40 ಪರ್ಸೆಂಟು, ತಾಗಿದ್ರೆ 20, ಸರಾಸರಿ 8. ಪರವಾಗಿಲ್ಲ, ಲಾಭನೇ. ಈಗ ಶ್ಯಾಡೋಹಾರ್ಟ್ ಬ್ಲೆಸ್ ಹಾಕ್ತಾಳೆ, ದಾಳಕ್ಕೆ ನಾಲ್ಕು ಮುಖದ ಇನ್ನೊಂದು ದಾಳ ಸೇರುತ್ತೆ, ಸರಾಸರಿ ಎರಡೂವರೆ, ಅಂದ್ರೆ ಹನ್ನೆರಡೂವರೆ ಪರ್ಸೆಂಟ್ ಜಾಸ್ತಿ. 40 ಇದ್ದಿದ್ದು 52.5 ಆಯ್ತು, ಒಂದು ಬೀಸಿಗೆ ಸರಾಸರಿ 10.5. ಕ್ರಿಟಿಕಲ್ (ದಾಳದಲ್ಲಿ 20 ಬಿದ್ದಾಗಿನ ದೊಡ್ಡ ಏಟು) ಲೆಕ್ಕಕ್ಕೆ ತಗೊಂಡಿಲ್ಲ, ಸುಲಭ ಆಗ್ಲಿ ಅಂತ.

8 ಇದ್ದಿದ್ದು ಹತ್ತೂವರೆ. ಆ ಎರಡೂವರೆ ಲೇಜೆಲ್‌ದಲ್ಲ ಸ್ವಾಮಿ, ಶ್ಯಾಡೋಹಾರ್ಟ್‌ದು. ಬ್ಲೆಸ್ ಬೀಳೋದು ಮೂರು ಜನರ ಮೇಲೆ, ಅದೂ ಹತ್ತು ಟರ್ನ್ ತನಕ, ಅದೂ ಒಂದೇ ಒಂದು ಲೆವೆಲ್ 1 ಸ್ಲಾಟಿಗೆ, ಮೇಲಿಂದ ಸೇವಿಂಗ್ ಥ್ರೋಗೂ (ಸ್ಪೆಲ್ ತಪ್ಪಿಸ್ಕೊಳ್ಳೋಕೆ ಹಾಕೋ ದಾಳ) ಸೇರುತ್ತೆ. ಬ್ಲೆಸ್ ಬದ್ಲು ಗೈಡಿಂಗ್ ಬೋಲ್ಟ್ ತಾಗಿಸಿ ಲೇಜೆಲ್‌ಗೆ ಅಡ್ವಾಂಟೇಜ್ ಕೊಟ್ರೆ ಆ 40 ಪರ್ಸೆಂಟು 64 ಆಗುತ್ತೆ, ಎರಡು ದಾಳ ಹಾಕಿ ದೊಡ್ಡದು ತಗೊಳ್ಳೋದ್ರಿಂದ. ಅದು ಒಂದೇಟಿಗೆ ಮಾತ್ರ.

ಇದನ್ನ ನಿಮ್ಮ ಪಾರ್ಟೀಲೂ ಹುಡುಕಿ. ಯಾರೋ ಒಬ್ರು ಚೆನ್ನಾಗಿ ಹೊಡೀತಿದಾರೆ ಅಂದ್ರೆ ಅವರ ಹಿಂದೆ ಯಾರು ನಿಂತಿದಾರೆ ಅಂತ ಹುಡುಕಿ. ಮದುವೆ ಮನೇಲಿ ಎಲ್ರೂ ಹೋಳಿಗೆ ಹೊಗಳ್ತಾರೆ, ಬೆಳಗಿನ ಜಾವ ಎದ್ದು ಹೂರಣ ರುಬ್ಬಿದೋರ ಹೆಸರು ಯಾರಿಗೂ ಗೊತ್ತಿರಲ್ಲ.

ಕಾನ್ಸಂಟ್ರೇಷನ್ ಹಿಡ್ಕೊಂಡಿರೋರಿಗೆ ಏಟು ಬಿದ್ರೆ ಅವರು ಕಾನ್ಸ್ಟಿಟ್ಯೂಷನ್ ದಾಳ ಹಾಕ್ಬೇಕು, ಗುರಿ 10 ಅಥವಾ ಬಿದ್ದ ಡ್ಯಾಮೇಜಿನ ಅರ್ಧ, ಯಾವುದು ದೊಡ್ಡದೋ ಅದು. ಶ್ಯಾಡೋಹಾರ್ಟ್‌ಗೆ ಕಾನ್ 14, ಮಾಡಿಫೈಯರ್ 2, ಹಾಗಾಗಿ ಸಣ್ಣ ಏಟಿಗೆ ಉಳಿಯೋ ಚಾನ್ಸ್ 65 ಪರ್ಸೆಂಟ್. ಒಂದೇ ರೌಂಡಲ್ಲಿ ಎರಡು ಏಟು ಬಿದ್ರೆ 42ಕ್ಕೆ ಇಳಿಯುತ್ತೆ. ವಾರ್ ಕಾಸ್ಟರ್ ಫೀಟ್ ಕೊಟ್ರೆ ಈ ದಾಳಕ್ಕೆ ಅಡ್ವಾಂಟೇಜ್ ಸಿಕ್ಕಿ ಒಂದೇಟಿಗೆ 88ರ ಹತ್ರ ಹೋಗುತ್ತೆ. ಹಾಗಾಗಿ ಬ್ಲೆಸ್ ಹಾಕಿದವಳನ್ನ ಮುಂದೆ ನಿಲ್ಲಿಸ್ಬೇಡಿ, ಕಂಬದ ಹಿಂದೆ ನಿಲ್ಲಿಸಿ.

ಹೆಜ್ಜೆ 5: ಟ್ಯಾಂಕ್, ಹೀಲರ್ ಅನ್ನೋ ಮಾತನ್ನ ಸ್ವಲ್ಪ ದಿನ ಮರೀರಿ

ಈ ಗೇಮಲ್ಲಿ ಗಟ್ಟಿಮುಟ್ಟಾದೋನು ಮುಂದೆ ನಿಂತ ಮಾತ್ರಕ್ಕೆ ಶತ್ರುಗಳೆಲ್ಲಾ ಅವನಿಗೇ ಹೊಡಿಯಲ್ಲ. ನಾನು ಎಷ್ಟು ಸಲ ನೋಡಿದೀನಿ, ಲೇಜೆಲ್ ಪಕ್ಕದಿಂದ್ಲೇ ಸುತ್ತು ಹಾಕ್ಕೊಂಡು ಬಂದು ಗೇಲ್ ಮೇಲೆ ಬೀಳ್ತಾವೆ. ಹಾಗಾಗಿ ಎಸಿ ಜಾಸ್ತಿ ಇರೋರನ್ನ ಟ್ಯಾಂಕ್ ಅಂತ ಕರೆಯೋದಕ್ಕಿಂತ ಬಾಗಿಲಿಗೆ ಅಡ್ಡ ನಿಲ್ಲೋರು ಅಂತ ಕರೀರಿ. ಬಾಗಿಲೇ ಇಲ್ಲದ ಬಯಲಲ್ಲಿ ಆ ಕೆಲಸಾನೇ ಇಲ್ಲ.

ಹೀಲರ್ ವಿಷ್ಯ ಇನ್ನೂ ಮಜಾ. ಕ್ಯೂರ್ ವೂಂಡ್ಸ್ ಲೆವೆಲ್ 1ರಲ್ಲಿ ಸರಾಸರಿ ಏಳೂವರೆ ಹಿಟ್ ಪಾಯಿಂಟ್ (ಪ್ರಾಣದ ಅಂಕ) ವಾಪಸ್ ಕೊಡುತ್ತೆ, ಒಂದು ಸ್ಲಾಟು ಮತ್ತೆ ಒಂದು ಪೂರ್ತಿ ಆಕ್ಷನ್ ತಿನ್ನುತ್ತೆ. ಸಾದಾ ಹೀಲಿಂಗ್ ಪೋಷನ್ ಸರಾಸರಿ 7 ಕೊಡುತ್ತೆ, ಬೋನಸ್ ಆಕ್ಷನ್ನಲ್ಲಿ ಕುಡೀಬೋದು, ಯಾರು ಬೇಕಾದ್ರೂ. ಅಷ್ಟೇ ಅಲ್ಲ, ಬಾಟ್ಲೀನ ಇಬ್ಬರ ಮಧ್ಯೆ ನೆಲಕ್ಕೆ ಎಸೆದ್ರೆ ಇಬ್ಬರಿಗೂ ಗುಣ ಆಗುತ್ತೆ. ಬಾಟ್ಲಿ ಮಾಡೋ ಕೆಲಸಕ್ಕೆ ಒಬ್ಬ ಮನುಷ್ಯನ್ನ ಇಡೋದ್ಯಾಕೆ? ಫೈಟ್ ಮಧ್ಯೆ ಹೀಲಿಂಗ್ ಬೇಕಾಗೋದು ಒಂದೇ ಸಂದರ್ಭದಲ್ಲಿ, ಯಾರಾದ್ರೂ ಬಿದ್ದಾಗ. ಆಗ ಹೀಲಿಂಗ್ ವರ್ಡ್, ದೂರದಿಂದ್ಲೇ, ಬೋನಸ್ಸಲ್ಲಿ. ಅದೂ ಇಲ್ಲ ಅಂದ್ರೆ ಪಕ್ಕಕ್ಕೆ ಹೋಗಿ ಹೆಲ್ಪ್ ಒತ್ತಿದ್ರೆ ಒಂದು ಹಿಟ್ ಪಾಯಿಂಟ್ ಜೊತೆ ಎದ್ದು ನಿಲ್ತಾರೆ.

ಯಾರು ಮೊದ್ಲು ಟರ್ನ್ ತಗೊಳ್ತಾರೆ ಅನ್ನೋದನ್ನೂ ಒಂದು ಮೂಲೇಲಿ ಬರ್ಕೊಳ್ಳಿ. ಇಲ್ಲಿ ಇನಿಷಿಯೇಟಿವ್‌ಗೆ ನಾಲ್ಕು ಮುಖದ ದಾಳ, ಅದಕ್ಕೆ ಡೆಕ್ಸ್ ಸೇರುತ್ತೆ. ದಾಳ ಸಣ್ಣದಾಗಿರೋದ್ರಿಂದ ಡೆಕ್ಸ್ 17 ಇರೋ ಆಸ್ಟೇರಿಯನ್ ಹೆಚ್ಚಿನ ಸಲ ಮುಂದೆನೇ ಇರ್ತಾನೆ.

ಹೆಜ್ಜೆ 6: ಒಂದು ದಿನಕ್ಕೆ ಎಷ್ಟು ದಮ್ಮಿದೆ

ಒಂದು ಫೈಟಲ್ಲಿ ಚೆನ್ನಾಗಿ ಕಾಣೋರು ಮೂರನೇ ಫೈಟಿಗೆ ಬರೀ ಕೈಯಲ್ಲಿ ನಿಂತಿರ್ಬೋದು. ಒಂದು ಲಾಂಗ್ ರೆಸ್ಟಿಗೆ (ಕ್ಯಾಂಪಲ್ಲಿ ರಾತ್ರಿ ಮಲಗೋದು) ಎರಡು ಶಾರ್ಟ್ ರೆಸ್ಟ್ ಸಿಗುತ್ತೆ, ಲಾಂಗ್ ರೆಸ್ಟಿಗೆ ಬ್ಯಾಲೆನ್ಸ್ಡ್ ಅನ್ನೋ ಸಾಧಾರಣ ಮೋಡಲ್ಲಿ 40 ಕ್ಯಾಂಪ್ ಸಪ್ಲೈಸ್ (ಊಟದ ಸಾಮಾನು), ಟ್ಯಾಕ್ಟಿಷಿಯನ್ ಅನ್ನೋ ಕಷ್ಟದ ಮೋಡಲ್ಲಿ 80. ಅಂದ್ರೆ ದಿನ ಉದ್ದ ಆದಷ್ಟೂ ಶಾರ್ಟ್ ರೆಸ್ಟಲ್ಲಿ ಬಲ ವಾಪಸ್ ಪಡಿಯೋರಿಗೆ ಬೆಲೆ.

ವಿಲ್ ಅನ್ನೋ ಕಂಪ್ಯಾನಿಯನ್ ಬೋರು ಅಂತ ಬಹಳ ಜನ ಅವನ್ನ ಕ್ಯಾಂಪಲ್ಲೇ ಬಿಟ್ಟಿರ್ತಾರೆ, ನಾನು ಒಪ್ಪಲ್ಲ. ಲೆವೆಲ್ 5 ನೋಡಿ. ಗೇಲ್‌ಗೆ ಲೆವೆಲ್ 3 ಸ್ಲಾಟ್ ಎರಡು, ಆರ್ಕೇನ್ ರಿಕವರಿಯಿಂದ ಇನ್ನೊಂದು, ದಿನಕ್ಕೆ ಮೂರು. ವಿಲ್ ವಾರ್ಲಾಕ್, ಅವನಿಗೂ ಲೆವೆಲ್ 3 ಸ್ಲಾಟ್ ಎರಡೇ, ಆದ್ರೆ ಪ್ರತಿ ಶಾರ್ಟ್ ರೆಸ್ಟಿಗೂ ತುಂಬ್ಕೊಳ್ಳುತ್ತೆ, ಲೆಕ್ಕ ಹಾಕಿದ್ರೆ ದಿನಕ್ಕೆ ಆರು. ಅವನ ಪೇಟ್ರನ್ (ಶಕ್ತಿ ಕೊಡೋ ಒಡೆಯ) ಫೀಂಡ್ ಆಗಿರೋದ್ರಿಂದ ಫೈರ್‌ಬಾಲ್ ಅವನ ಲಿಸ್ಟಲ್ಲೂ ಇದೆ. ಫೈರ್‌ಬಾಲ್ ಅಂದ್ರೆ ಆರು ಮುಖದ ಎಂಟು ದಾಳ, ಸರಾಸರಿ 28, ಗುಂಪಲ್ಲಿ ನಾಲ್ಕು ಜನ ನಿಂತಿದ್ರೆ ನಾಲ್ಕರಿಂದ ಗುಣಿಸ್ಕೊಳ್ಳಿ, ತಪ್ಪಿಸ್ಕೊಂಡೋರಿಗೂ ಅರ್ಧ ಬೀಳುತ್ತೆ.

ಸ್ಲಾಟ್ ಖಾಲಿ ಆದ್ಮೇಲೂ ಅವನ ಹತ್ರ ಎಲ್ಡ್ರಿಚ್ ಬ್ಲಾಸ್ಟ್ ಇರುತ್ತೆ. ಲೆವೆಲ್ 5ರಲ್ಲಿ ಎರಡು ಕಿರಣ, ಅಗೊನೈಸಿಂಗ್ ಬ್ಲಾಸ್ಟ್ ತಗೊಂಡಿದ್ರೆ ಒಂದೊಂದಕ್ಕೂ ಕರಿಸ್ಮಾ ಸೇರುತ್ತೆ, ಕರಿಸ್ಮಾ 18 ಮಾಡಿದ್ರೆ ಒಂದಕ್ಕೆ ಒಂಬತ್ತೂವರೆ, ಎರಡೂ ತಾಗಿದ್ರೆ 19. ಲೇಜೆಲ್ ಅದೇ ಲೆವೆಲಲ್ಲಿ ಸ್ಟ್ರೆಂತ್ 18 ಇಟ್ಕೊಂಡು, ಫೀಟ್ ಇಲ್ದೆ ಎರಡು ಬೀಸು ಬೀಸಿದ್ರೆ 22. ದೂರ ನಿಂತು, ರಕ್ತ ಸುರಿಸ್ದೆ, ಪುಕ್ಕಟೆಯಾಗಿ ಲೇಜೆಲ್‌ಗೆ ಮೂರೇ ಮೂರು ಕಮ್ಮಿ ಹೊಡಿಯೋನು ಬೋರಾ?

ಗೇಲ್ ಪರವಾಗಿ ಒಂದು ಮಾತು: ಲೆವೆಲ್ 2ರಲ್ಲಿ ಎವೊಕೇಷನ್ ಸ್ಕೂಲ್ ತಗೊಂಡ್ರೆ ಅವನ ಫೈರ್‌ಬಾಲ್ ನಮ್ಮವರನ್ನ ಸುಡಲ್ಲ. ವಿಲ್‌ದು ಸುಡುತ್ತೆ. ನಾನು ಲೇಜೆಲ್‌ನ ಎರಡು ಸಲ ಸುಟ್ಟಿದೀನಿ.

ಹೆಜ್ಜೆ 7: ಫೈಟ್ ಆಚೆಗಿನ ಕೆಲಸ

ಇದನ್ನ ಬೇಗ ಮುಗಿಸ್ತೀನಿ. ಮಾತುಕತೇಲಿ ದಾಳ ಹಾಕೋದು ಮಾತಾಡ್ತಿರೋರು ಮಾತ್ರ, ಪಕ್ಕದಲ್ಲಿ ಕರಿಸ್ಮಾ 17 ಇಟ್ಕೊಂಡು ವಿಲ್ ನಿಂತಿದ್ರೂ ಉಪಯೋಗಕ್ಕೆ ಬರಲ್ಲ. ಹಾಗಾಗಿ ಯಾರು ಮುಂದೆ ನಡೀತಿದಾರೆ ಅಂತ ನೋಡ್ಕೊಳ್ಳಿ, ಲೇಜೆಲ್ ಕರಿಸ್ಮಾ 8, ಅವಳು ಬಾಯಿ ತೆಗೆದ್ರೆ ಜಗಳಾನೇ. ಕ್ಲೆರಿಕ್ಕಿನ ಗೈಡೆನ್ಸ್ ಕ್ಯಾಂಟ್ರಿಪ್ ಮಾತಿನ ಮಧ್ಯದಲ್ಲೂ ಹಾಕ್ಬೋದು, ನಾಲ್ಕು ಮುಖದ ದಾಳ ಸೇರುತ್ತೆ. ಬೀಗ, ಟ್ರ್ಯಾಪ್‌ಗೆ ಡೆಕ್ಸ್ ಮತ್ತೆ ಸ್ಲೈಟ್ ಆಫ್ ಹ್ಯಾಂಡ್ ಇರೋ ಒಬ್ರು ಬೇಕು, ಅದು ಆಸ್ಟೇರಿಯನ್ನೇ ಆಗ್ಬೇಕು ಅಂತ ಬರ್ದಿಲ್ಲ. ಸಾಮಾನು ಹೊರೋಕೆ ಸ್ಟ್ರೆಂತ್ ಇರೋ ಒಬ್ರು.

ಹೆಜ್ಜೆ 8: ಒಬ್ಬರನ್ನ ತೆಗೆದು ಅದೇ ಫೈಟ್ ಆಡಿ

ಇಷ್ಟೊತ್ತು ಹೇಳಿದ್ದೆಲ್ಲಾ ಲೆಕ್ಕ, ಇದು ಪರೀಕ್ಷೆ. ಒಂದು ಮಧ್ಯಮ ಕಷ್ಟದ ಫೈಟ್ ಆರಿಸ್ಕೊಳ್ಳಿ, ನಾನು ಆ ಪಾಳು ಹಳ್ಳಿ ಗಾಬ್ಲಿನ್‌ಗಳ್ನೇ ಇಟ್ಕೊಂಡಿದ್ದೆ. ಮುಂಚೆ ಸೇವ್ ಮಾಡಿ. ಒಂದ್ಸಲ ನಾಲ್ಕು ಜನರ ಜೊತೆ ಆಡಿ, ಎಷ್ಟು ರೌಂಡಿಗೆ ಮುಗೀತು, ಎಷ್ಟು ಸ್ಲಾಟ್ ಹೋಯ್ತು, ಎಷ್ಟು ಸಲ ಯಾರು ಬಿದ್ರು ಅಂತ ಬರ್ಕೊಳ್ಳಿ. ಲೋಡ್ ಮಾಡಿ, ಕ್ಯಾಂಪಿಗೆ ಹೋಗಿ ಒಬ್ಬರನ್ನ ಬದಲಾಯಿಸಿ, ಅದೇ ಫೈಟ್ ಮತ್ತೆ. ದಾಳದ ಆಟ ಆಗಿರೋದ್ರಿಂದ ಒಂದೇ ಸಲಕ್ಕೆ ತೀರ್ಮಾನ ಮಾಡ್ಬೇಡಿ, ಮೂರು ಸಲ ಆಡಿ. ಕ್ಯಾಂಪಲ್ಲಿ ಕೂತಿರೋರ ಲೆವೆಲ್ಲೂ ಜೊತೆಗೇ ಏರ್ತಿರುತ್ತೆ, ಹಾಗಾಗಿ ಹೋಲಿಕೆ ನ್ಯಾಯವಾಗೇ ಇರುತ್ತೆ.

ನಾನು ಹೀಗೆ ಮಾಡಿದಾಗ ಬಂದ ಫಲಿತಾಂಶ ನನಗೇ ಆಶ್ಚರ್ಯ. ಆಗ ನನ್ನ ಕ್ಯಾರೆಕ್ಟರ್ ಬಾರ್ಡ್ (ಹಾಡುಗಾರ). ಆಸ್ಟೇರಿಯನ್ನ ತೆಗೆದಾಗ ಫೈಟ್ ಅರ್ಧ ರೌಂಡೂ ಜಾಸ್ತಿ ಆಗ್ಲಿಲ್ಲ, ಶ್ಯಾಡೋಹಾರ್ಟನ್ನ ತೆಗೆದಾಗ ಎರಡು ರೌಂಡ್ ಉದ್ದ ಆಯ್ತು, ಒಂದ್ಸಲ ಸೋತೂ ಹೋದೆ. ಆಸ್ಟೇರಿಯನ್ ಕೆಟ್ಟೋನು ಅಂತಲ್ಲ, ಅವನು ಮಾಡ್ತಿದ್ದ ಬೀಗದ ಕೆಲಸ ನನ್ನ ಬಾರ್ಡ್ ಕೈಲೂ ಆಗ್ತಿತ್ತು. 2003ರ ವರ್ಲ್ಡ್ ಕಪ್ಪಲ್ಲಿ ನಮ್ಮ ದ್ರಾವಿಡ್ ಕೈಗೆ ಗ್ಲೌಸ್ ಕೊಟ್ಟು ಕೀಪಿಂಗ್ ಮಾಡ್ಸಿದ್ರಲ್ಲ, ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಆಗ್ಲಿ ಅಂತ, ಅದೇ ಲೆಕ್ಕ. ಒಬ್ರೇ ಎರಡು ಕೆಲಸ ಮಾಡಿದ್ರೆ ಒಂದು ಸೀಟ್ ಖಾಲಿ ಆಗುತ್ತೆ. ಆ ಸೀಟಿಗೆ ವಿಲ್ ಬಂದ. ನಿಮ್ಮ ಕ್ಯಾರೆಕ್ಟರ್ ಪ್ಯಾಲಡಿನ್ (ಮುಂದೆ ನಿಂತು ಹೊಡಿಯೋ ಕ್ಲಾಸು) ಆಗಿದ್ರೆ ಇದೇ ಪರೀಕ್ಷೇಲಿ ಉತ್ತರ ಬೇರೆ ಬರುತ್ತೆ, ಆಗ ಲೇಜೆಲ್ ಸೀಟೇ ಅಲುಗಾಡ್ಬೋದು.

ಕಥೆಗೋಸ್ಕರ ಒಬ್ಬರನ್ನ ಇಟ್ಕೊಳ್ಳೋದೂ ತಪ್ಪಲ್ಲ. ಗೇಲ್ ಮಾತು ಕೇಳೋಕೆ ಇಷ್ಟ ಅಂದ್ರೆ ಇಟ್ಕೊಳ್ಳಿ, ಅವನ ತೂತು ಯಾರು ಮುಚ್ತಾರೆ ಅಂತ ಮಿಕ್ಕ ಮೂರು ಜನದಲ್ಲಿ ನೋಡಿ.

ಹೆಜ್ಜೆ 9: ಬದಲಾಯಿಸೋದು, ಮತ್ತೆ ಯಾವಾಗ ಪುನಃ ಅಳೀಬೇಕು

ಕ್ಯಾಂಪಲ್ಲಿರೋ ವಿದರ್ಸ್ ಅನ್ನೋ ಎಲುಬಿನ ತಾತನಿಗೆ 100 ಗೋಲ್ಡ್ ಕೊಟ್ರೆ ಯಾರ ಕ್ಲಾಸ್ ಬೇಕಾದ್ರೂ, ಆರು ನಂಬರ್ ಸಮೇತ ಬದಲಾಯಿಸಿ ಕೊಡ್ತಾನೆ. ಜಾತಿ ಬದಲಾಗಲ್ಲ, ಕಥೆ ಬದಲಾಗಲ್ಲ. ಶ್ಯಾಡೋಹಾರ್ಟ್ ಬರುವಾಗ ಟ್ರಿಕರಿ ಡೊಮೇನ್ (ಡೊಮೇನ್ ಅಂದ್ರೆ ಕ್ಲೆರಿಕ್ಕಿನ ಒಳಶಾಖೆ) ಇಟ್ಕೊಂಡು ಬರ್ತಾಳೆ, ಕಥೆಗೆ ಸರಿ ಆದ್ರೆ ಫೈಟಿಗೆ ಸಪ್ಪೆ. ಲೈಟ್ ಡೊಮೇನ್ ಮಾಡಿದ್ರೆ ಲೆವೆಲ್ 5ರಲ್ಲಿ ಅವಳಿಗೂ ಫೈರ್‌ಬಾಲ್, ಲೈಫ್ ಮಾಡಿದ್ರೆ ಹೆವಿ ಆರ್ಮರ್. ಪಾರ್ಟೀಲಿ ಆಗ್ಲೇ ಒಬ್ರು ಫೈರ್‌ಬಾಲ್ ಹಾಕೋರಿದ್ರೆ ಲೈಫ್ ತಗೊಳ್ಳಿ, ಇಲ್ಲಾಂದ್ರೆ ಲೈಟು. ಮೊದಲ ಎರಡು ಮೂರು ಲೆವೆಲ್ ಹಾಗೇ ಆಡಿ ನೋಡಿ ಆಮೇಲೆ ಬದಲಾಯಿಸಿ, ಏನು ಕಮ್ಮಿ ಇದೆ ಅಂತ ಗೊತ್ತಾಗೋ ಮುಂಚೆನೇ ಬದಲಾಯಿಸಿದ್ರೆ 100 ಗೋಲ್ಡ್ ದಂಡ.

ಲೆವೆಲ್ 5 ಆದ ದಿನ ಡೈರೀಲಿ ಹೊಸ ಪುಟ ತೆಗೀರಿ, ಹಳೇ ಅಂಕ ಎಲ್ಲಾ ರದ್ದು. ಫೈಟರ್, ಬಾರ್ಬೇರಿಯನ್, ಪ್ಯಾಲಡಿನ್, ರೇಂಜರ್, ಮಾಂಕ್‌ಗೆ ಎರಡನೇ ಏಟು ಬರುತ್ತೆ, ವಿಜಾರ್ಡ್‌ಗೆ ಫೈರ್‌ಬಾಲ್ ಮತ್ತೆ ಹೇಸ್ಟ್, ಕ್ಲೆರಿಕ್‌ಗೆ ಸ್ಪಿರಿಟ್ ಗಾರ್ಡಿಯನ್ಸ್. ರೋಗ್‌ಗೆ ಎರಡನೇ ಏಟು ಬರಲ್ಲ, ಸ್ನೀಕ್ ಅಟ್ಯಾಕ್ ಎರಡು ದಾಳದಿಂದ ಮೂರಾಗುತ್ತೆ ಅಷ್ಟೆ. ಅಲ್ಲೀವರೆಗೆ ಆಸ್ಟೇರಿಯನ್ನೇ ನಿಮ್ಮ ಪಾರ್ಟಿ ಹೀರೋ ಆಗಿದ್ರೆ ಆ ದಿನ ಸ್ವಲ್ಪ ಬೇಜಾರಾಗುತ್ತೆ. ಇನ್ನೊಂದು ವಿಷ್ಯ, ಸ್ಪಿರಿಟ್ ಗಾರ್ಡಿಯನ್ಸ್ ಕೂಡ ಕಾನ್ಸಂಟ್ರೇಷನ್ನೇ, ಅಂದ್ರೆ ಬ್ಲೆಸ್ ಬಿಡ್ಬೇಕು, ಮತ್ತೆ ಅದು ಅವಳ ಸುತ್ತಾನೇ ಸುತ್ತೋ ಸ್ಪೆಲ್ಲು, ಕಂಬದ ಹಿಂದೆ ಬಚ್ಚಿಟ್ಟಿದ್ದ ಶ್ಯಾಡೋಹಾರ್ಟ್ ಈಗ ಗುಂಪಿನ ನಡುವೆ ಹೋಗಿ ನಿಲ್ಬೇಕು. ವಾರ್ ಕಾಸ್ಟರ್ ಕೊಟ್ಟಿಲ್ಲ ಅಂದ್ರೆ ಕಳಿಸೋ ಮುಂಚೆ ವಿದರ್ಸ್ ಹತ್ರ ಒಂದ್ಸಲ ಹೋಗಿಬನ್ನಿ.